ಕೊಪ್ಪಳ ಸ್ಟೇಷನ್ನಿಗೆ ಹೆಣ್ಣುಮಕ್ಕಳ ಹಾದಿ

ಸುಂಕದವರ ಮುಂದೆ

ಪರದೇಶಕ್ಕೆ ಹೋಗಬೇಕಾದರೆ ಮುಂಬಯಿಗೆ ಹೋಗಿ ಹಡಗು ಹತ್ತಬೇಕು ಎಂದು ತಿಳಿದವರು ಬಹಳ. ಧಾರವಾಡದ ನಮಗೆ ಅಷ್ಟು ತ್ರಾಸಿಲ್ಲ. ಮುಂಜಾನೆ ರೊಟ್ಟಿ ಕಟ್ಟಿಕೊಂಡು ರೈಲಿನಲ್ಲಿ ಕುಳಿತು, ಗದಗು ದಾಟಿ ಇನ್ನಷ್ಟು ಮುಂದೆ ಹೋದರೆ ಸಾಕು. ರಾಜ ಬೇರೆ, ರೂಪಾಯಿ ಬೇರೆ, ಕಚೇರಿಯ ಅಕ್ಷರ ಬೇರೆ. ನಮ್ಮ ಕಡೆಯವರು ಮೊಗಲಾಯಿ ಎಂದು ಕರೆಯುವ ನಿಜಾಮರ ಸೀಮೆ ಅದು. ಅಲ್ಲಿಗೆ ಹೊರಟೆನೆಂದಾಗ ನಮ್ಮ ಓಣಿಯ ಹೆಂಗಸರು ಹಣೆಗೆ ಕುಂಕುಮ ಹಚ್ಚಿ, ಇನ್ನು ಯಾವಾಗ ಕಾಣುತ್ತೇವೋ ಎಂಬಂತೆ ಬೀಳ್ಕೊಟ್ಟರು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ನನ್ನ ತಂಗಿ ಬಸಮ್ಮನನ್ನು ಕೊಪ್ಪಳಕ್ಕೆ ಕೊಟ್ಟಿದ್ದೆವು. ಅವಳ ಗಂಡ ಶಂಕ್ರಪ್ಪ ಶೇಂಗಾ ವ್ಯಾಪಾರಿ, ಊರಿನ ಪಂಚರಲ್ಲಿ ಒಬ್ಬರು. ಕೊಪ್ಪಳದ ಊರಬಾಗಿಲು, ಅಂದರೆ ಅಗಸಿಯ ಹೊರಗೆ, ಸ್ಟೇಷನ್ನಿನ ಕಡೆಗೆ, ಹೊಸ ಓಣಿಗಳು ಎದ್ದಿದ್ದವು. ಮನೆಗಳಿದ್ದವು, ರಸ್ತೆ ಇರಲಿಲ್ಲ. ರಸ್ತೆ ಮಾಡಿಸಲು ಮೇಲಿನವರು ಮನಸ್ಸು ಮಾಡಿದ್ದಾರೆ, ನಕ್ಷೆ ಹಾಕಿಕೊಡುವವರು ಬೇಕು ಎಂದು ಶಂಕ್ರಪ್ಪ ಹೇಳಿಕಳಿಸಿದ್ದರು. ನಮ್ಮ ಮನೆಯವರು ಧಾರವಾಡದಲ್ಲಿ ರಸ್ತೆ ಕೆಲಸದ ಓವರಸಿಯರು. ಅವರಿಗೆ ರಜೆ ಬೇಕಾದಷ್ಟು ಉಳಿದಿತ್ತು. ನನಗೆ ತಂಗಿಯನ್ನು ನೋಡಬೇಕಾಗಿತ್ತು.

ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸುಂಕದವರು ನಮ್ಮ ಟ್ರಂಕು ಬಿಚ್ಚಿಸಿದರು. ನನ್ನ ಸೀರೆಗಳ ಕೆಳಗೆ ಭೂಮಿ ಅಳೆಯುವ ಸರಪಳಿ ಸಿಕ್ಕಿತು. ಸುಂಕದವನು ಅದನ್ನು ಎತ್ತಿ ಹಿಡಿದು, ಇದು ಯಾವ ಪ್ರಾಣಿಗೆ ಎಂದು ಕೇಳಿದ. ನಮ್ಮ ಮನೆಯವರು ಗಂಭೀರವಾಗಿ, ಭೂಮಿಗೆ ಎಂದರು. ಅವನಿಗೆ ಅದು ಚೇಷ್ಟೆಯೆನಿಸಿ ಮುಖ ಬಿಗಿಯಿತು. ಆಮೇಲೆ ರೈಲಿನ ಸಾಮಾನಿನ ಡಬ್ಬಿಯಿಂದ ಇಳಿಸಿದ ಸೈಕಲ್ಲಿನ ಮೇಲೆ ಕಣ್ಣು ಬಿತ್ತು. ಇದು ಮಾರಾಟದ ಮಾಲು, ನಿಮ್ಮದಾಗಿದ್ದರೆ ಹತ್ತಿ ತೋರಿಸಿರಿ ಎಂದು ಪಟ್ಟು ಹಿಡಿದ.

ಕೋಟು, ರುಮಾಲು, ಕೈಯಲ್ಲಿ ಕೊಡೆ ಇದ್ದ ನಮ್ಮ ಮನೆಯವರು ಕೊಡೆಯನ್ನು ನನ್ನ ಕೈಗೆ ಕೊಟ್ಟು ಸೈಕಲ್ ಹತ್ತಿದರು. ಪ್ಲಾಟಫಾರ್ಮಿನ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂದರು. ಹಮಾಲರು ಮೂಟೆ ಇಳಿಸಿ ನೋಡಿದರು. ರೈಲಿನ ಕಿಟಕಿಯಲ್ಲಿದ್ದವರೂ ತಲೆ ಹೊರಗೆ ಹಾಕಿದರು. ಎರಡನೆಯ ಸುತ್ತಿಗೆ ಯಾರೂ ಹೇಳದಿದ್ದರೂ ಅವರು ಇನ್ನೊಮ್ಮೆ ಹೋಗಿ ಗಂಟೆ ಬಾರಿಸುತ್ತ ಬಂದರು. ಸುಂಕದವನೇ ನಕ್ಕುಬಿಟ್ಟ. ಸರಪಳಿ, ಸೈಕಲ್, ನಾವಿಬ್ಬರು, ಎಲ್ಲರೂ ಪರರಾಜ್ಯದೊಳಗೆ ಪ್ರವೇಶ ಪಡೆದೆವು.

ಅಗಸಿಯ ಹೊರಗೆ

ಹೊರಗೆ ಶಂಕ್ರಪ್ಪ ಟಾಂಗಾ ತಂದು ನಿಲ್ಲಿಸಿದ್ದರು. ಕುಳಿತೆವು, ಸ್ವಲ್ಪ ದೂರ ಹೋದೆವು, ಇಳಿದೆವು. ಎದುರಿಗೆ ಕುಷ್ಟಗಿಯ ಕಡೆಯಿಂದ ಶೇಂಗಾ ಹೇರಿಕೊಂಡು ಬಂದ ಬಂಡಿಗಳು, ಯಲಬುರ್ಗಿಯ ಕಡೆಯ ಹತ್ತಿಯ ಬಂಡಿಗಳು ಒಂದರ ಬಾಲಕ್ಕೆ ಒಂದು ನಿಂತಿದ್ದವು. ಅವುಗಳ ನಡುವೆ ಕುರಿ, ತಲೆಯ ಮೇಲೆ ಬುಟ್ಟಿ ಹೊತ್ತ ಹಮಾಲರು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡ ಗಂಡಸರು. ಮಳೆಗಾಲಕ್ಕೆ ಮೊದಲೇ, ಹಿಂದಿನ ದಿನ ಒಂದು ಮಳೆಯಾಗಿತ್ತು. ಎರೆ ಮಣ್ಣು ನನ್ನ ಚಪ್ಪಲಿಯನ್ನು ಹಿಡಿದುಕೊಂಡಿತು, ಕಾಲು ಮಾತ್ರ ಮೇಲೆ ಬಂತು. ಶಂಕ್ರಪ್ಪ ಚಪ್ಪಲಿ ಕಿತ್ತುಕೊಡುತ್ತ ನಾಚಿಕೆಯಿಂದ ಹೇಳಿದರು:

"ಅಕ್ಕಾರ, ನಿಮ್ಮೂರಾಗ ಹಾದಿ ಕೆಂಪು ಇರತೈತಿ. ನಮ್ಮೂರಾಗ ಹಾದಿನ ಇಲ್ರಿ."

ಹಾದಿ ಕೆಟ್ಟಿದ್ದರೂ ಮಂದಿ ಕೆಟ್ಟವರಲ್ಲ. ಅಲ್ಲಿಯ ಮರ್ಯಾದೆ ನೋಡಿ ನಾನು ದಂಗಾದೆ. ಸೈಕಲ್ ಮೇಲೆ ಹೊರಟವನು ಹಿರಿಯರ ಮನೆ ಬಂದರೆ ಇಳಿಯುತ್ತಾನೆ, ಕಟ್ಟೆಯ ಮೇಲೆ ಕೂತವರು ಕಂಡರೆ ಇಳಿಯುತ್ತಾನೆ, ಕಚೇರಿ ಬಂದರಂತೂ ಸರಿಯೇ ಸರಿ. ಸಲಾಂ ಮಾಡಿ, ಮನೆಯವರ ಕ್ಷೇಮ ಕೇಳಿ, ಮತ್ತೆ ಹತ್ತುತ್ತಾನೆ. ಧಾರವಾಡದಲ್ಲಿ ನಮ್ಮ ಕಾಲೇಜು ಹುಡುಗರು ಗಂಟೆ ಬಾರಿಸಿ ಮುದುಕರನ್ನೇ ಗಟಾರಕ್ಕೆ ಇಳಿಸುತ್ತಾರೆ.

ಮರುದಿನವೇ ನಮ್ಮ ಮನೆಯವರು ಸರಪಳಿ ಹಿಡಿದು ಕೆಲಸಕ್ಕೆ ನಿಂತರು. ತಹಸೀಲ್ದಾರ ಸಾಹೇಬರು ಮರ್ಯಾದಸ್ಥರು. ಅವರೇ ಬಂದು ತಮ್ಮ ಮನಸ್ಸಿನಲ್ಲಿದ್ದುದನ್ನು ತಿಳಿಸಿದರು. ಅಗಸಿಯಿಂದ ಸ್ಟೇಷನ್ನಿಗೆ ಬಾಣ ಬಿಟ್ಟಂತೆ ಒಂದು ಮೋಟಾರು ರಸ್ತೆ, ತೋಟಗಳ ಕಡೆಯಿಂದ ದನ ನುಗ್ಗದ ಹಾಗೆ ಉದ್ದಕ್ಕೂ ಒಂದು ಕಲ್ಲಿನ ಗೋಡೆ. ನಮ್ಮ ಮನೆಯವರಿಗೂ ನೆಟ್ಟಗಿನ ಗೆರೆಯೆಂದರೆ ಪ್ರೀತಿ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡರು. ರಾಯಚೂರಿನಿಂದ ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಯ ದೌರೆಯ ಮೇಲೆ ಬರುವಷ್ಟರಲ್ಲಿ ನಕ್ಷೆ ಸಿದ್ಧವಾಗಬೇಕು ಎಂದು ಮಾತಾಯಿತು.

ಅದೇ ವಾರ ಸೈಕಲ್ಲಿನ ಮುಂಗಾಲಿ ಬಂಡಿಯ ಜಾಡಿನಲ್ಲಿ ಇಳಿಯಿತು. ಮುಂಗಾಲಿ ಅಲ್ಲೇ ನಿಂತಿತು, ನಮ್ಮ ಮನೆಯವರು ಮುಂದೆ ಹೋದರು. ಬಂಡಿಯವರು ಅವರನ್ನು ಶೇಂಗಾ ಚೀಲದ ಮೇಲೆ ಮಲಗಿಸಿ ಮನೆಗೆ ತಂದುಹಾಕಿದರು. ಪಾದದ ಕೀಲು ಉಳುಕಿ ಬದನೆಕಾಯಿಯಂತೆ ಊದಿತ್ತು. ಬಸಮ್ಮ ಅರಿಷಿಣ, ಔಡಲ ಎಣ್ಣೆ ಕಾಸಿ ಕಟ್ಟಿದಳು. ನಕ್ಷೆಯ ಹಾಳೆ ಅವರ ಎದೆಯ ಮೇಲೆ, ಅವರು ಹಾಸಿಗೆಯ ಮೇಲೆ.

ಬಾವಿಯ ಹಿಂದೆ

ಅಳತೆ ಅರ್ಧ ಉಳಿದಿತ್ತು. ನಾನು ನೋಡಿಕೊಂಡು ಬಂದು ಹೇಳುತ್ತೇನೆ, ನೀವು ಬರೆದುಕೊಳ್ಳಿರಿ ಎಂದೆ. ಬೇರೆ ದಾರಿಯಿಲ್ಲದೆ ಒಪ್ಪಿದರು.

ಬಸಮ್ಮನನ್ನು ಕರೆದುಕೊಂಡು ಅಗಸಿಯ ಕಡೆಗೆ ಹೊರಟರೆ ಅವಳು ಬಲಕ್ಕೆ ಹೊರಳಿದಳು. ಸ್ಟೇಷನ್ ಈ ಕಡೆಗಲ್ಲವೇ ಎಂದರೆ, ಆ ಕಡೆಗೆ ಹೆಣ್ಣುಮಕ್ಕಳು ಯಾರು ಹೋಗುತ್ತಾರೆ ಎಂದು ನನ್ನನ್ನೇ ಕೇಳಿದಳು. ಮನೆಗಳ ಬೆನ್ನಿಗೆ ಒಂದು ಕಾಲುಹಾದಿ. ಬಾವಿಯ ಹಿಂದೆ ಹಾದು, ಬೇವಿನ ಮರಗಳ ಕೆಳಗೆ ಸ್ವಲ್ಪ ಸೊಟ್ಟಗಾಗಿ, ಒಂದು ಸಣ್ಣ ಹಳ್ಳವನ್ನು ಹಲಗೆಯ ಮೇಲೆ ದಾಟಿ, ದವಾಖಾನೆಯ ಹತ್ತಿರ ಸ್ಟೇಷನ್ನಿಗೆ ಕೂಡುತ್ತಿತ್ತು. ನೀರಿನ ಕೊಡ, ಬೀಸಲು ಒಯ್ಯುವ ಜೋಳ, ಕೈಕೂಸು, ಎಲ್ಲವೂ ಆ ಹಾದಿಯಲ್ಲೇ. ಎರಡು ದಿನ ನಾನು ಬಾವಿಯ ಕಟ್ಟೆಯ ಮೇಲೆ ಕೂತು ನೋಡಿದೆ. ಅಷ್ಟು ಹೆಂಗಸರು ಆ ಊರಿನಲ್ಲಿ ಇದ್ದಾರೆಂದೇ ಬಂಡಿಯ ಹಾದಿಯ ಮೇಲೆ ನಿಂತವರಿಗೆ ಗೊತ್ತಾಗುವಂತಿರಲಿಲ್ಲ.

ಅಲ್ಲೇ ನನಗೆ ಫಾತಿಮಾಬಿಯ ಪರಿಚಯವಾಯಿತು. ಬಸಮ್ಮನ ಮನೆಯ ಹಿಂದಿನ ಓಣಿಯವಳು, ಉರ್ದು ಶಾಲೆಯ ಮಾಸ್ತರರ ಹೆಂಡತಿ, ನನ್ನ ಓರಗೆಯವಳು. ಬಾವಿಯ ಹತ್ತಿರ ಬುರಖಾದ ಮುಸುಕು ಹಿಂದಕ್ಕೆ ಸರಿಸಿ ಎಲೆ ಅಡಿಕೆ ಬಿಚ್ಚುತ್ತಿದ್ದಳು. ಗೋಡೆಯ ಸುದ್ದಿ ಹೇಳಿದಾಗ ಅವಳ ಕೈ ನಿಂತಿತು. ಗೋಡೆ ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ನಾನು ಬೆರಳಿನಿಂದ ತೋರಿಸಿದೆ. ಅದು ಹಳ್ಳದ ಹತ್ತಿರ ಈ ಹಾದಿಯನ್ನು ಅಡ್ಡಗಟ್ಟುತ್ತಿತ್ತು.

"ಬಾಯಾರ, ಗೋಡಿ ಬಂದ್ರ ನಾವು ಬಂಡಿ ಸಾಲಿನಾಗ ಹಾದು ಹೋಗಬೇಕಾಗತೈತ್ರಿ," ಎಂದಳು. "ನಮ್ಮ ಮನ್ಯಾಗ ಅದಕ್ಕ ಬಿಡಂಗಿಲ್ಲ. ದವಾಖಾನಿಗೂ ಬಿಡಂಗಿಲ್ಲ. ತಹಸೀಲ್ದಾರರ ಮನಿ ಹೆಣ್ಣುಮಕ್ಕಳೂ ಇದ ಹಾದಿ ಹಿಡಿತಾರ, ಅದು ಸಾಹೇಬರಿಗೆ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ."

ಹಿಂದಿನ ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಬಂದು ಹಲಗೆ ತೇಲಿಹೋಗಿತ್ತೆಂದು ಅವಳೇ ಹೇಳಿದಳು. ದಿನ ತುಂಬಿದ ಒಬ್ಬ ಹೆಂಗಸನ್ನು ಬಂಡಿಯಲ್ಲಿ ಹಾಕಿಕೊಂಡು ದೊಡ್ಡ ಹಾದಿಯಲ್ಲಿ ಹೊರಟರು. ಬಂಡಿ ಕೆಸರಿನಲ್ಲಿ ಕುಂತಿತು, ಮುಂದೂ ಬಂಡಿಗಳು, ಹಿಂದೂ ಬಂಡಿಗಳು. ಅಲ್ಲೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಬಸಮ್ಮ ಇದನ್ನು ನನಗೆ ಊರಿಗೆ ಬರೆದು ತಿಳಿಸಿರಲಿಲ್ಲ. ಆ ಹೆಂಗಸಿನ ಜೊತೆಗೆ ಬಂಡಿಯಲ್ಲಿ ಅವಳೂ ಕೂತಿದ್ದಳು.

ಸಂಜೆ ಮನೆಗೆ ಬಂದು, ಗೋಡೆ ಬೇಡ, ನಡೆಯುವವರಿಗೆ ಬಾವಿಯ ಹಿಂದೆ ಬೇರೆಯೇ ಹಾದಿ ಬರೆಯಿರಿ ಎಂದೆ. ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿದರು.

"ಸರಕಾರಿ ರಸ್ತೆ ಅಂದ್ರ ಒಂದ ಇರತೈತಿ. ನಡಿಯೋ ಮಂದಿ ಅಂಚಿಗೆ ನಡೀತಾರ."

"ಅಲ್ಲೆ ಅಂಚು ಎಲ್ಲಿ ಐತ್ರಿ? ನಿಮ್ಮ ಕಾಲು ಉಳುಕಿದ್ದು ಅಂಚಿನಾಗ ಅಲ್ಲೇನು?"

ಅವರು ಆ ರಾತ್ರಿ ನನಗೆ ಬೆನ್ನು ಮಾಡಿ ಮಲಗಿದರು. ಕಾಲಿಗೆ ಎಣ್ಣೆಯನ್ನೂ ಬಸಮ್ಮನಿಂದಲೇ ಹಚ್ಚಿಸಿಕೊಂಡರು.

ಗಂಗಾವತಿ

ಬಂಡಿ ಒಂದು ಕಡೆ, ಮಂದಿ ಒಂದು ಕಡೆ ಹೋಗುವುದನ್ನು ಯಾರಾದರೂ ಕಂಡಿದ್ದೀರಾ ಎಂದು ನಮ್ಮ ಮನೆಯವರು ಮರುದಿನ ಕೇಳಿದ್ದು ನನ್ನ ಮನಸ್ಸಿನಲ್ಲೇ ಇತ್ತು. ಫಾತಿಮಾಬಿಗೆ ಹೇಳಿದೆ. ತನ್ನ ತವರೂರು ಗಂಗಾವತಿಯಲ್ಲಿ ಹುಟ್ಟಿದಾಗಿನಿಂದ ತಾನು ಕಂಡಿದ್ದು ಅದನ್ನೇ ಎಂದಳು. ಶಂಕ್ರಪ್ಪನವರಿಗೆ ಅಲ್ಲಿ ಅಕ್ಕಿಯ ವ್ಯವಹಾರವಿತ್ತು. ಮಾಸ್ತರರ ಅಪ್ಪಣೆ ಪಡೆದು ನಾವು ಮೂವರು ಹೆಂಗಸರು ಅವರ ಜೊತೆಗೆ ಸರ್ವಿಸ್ ಮೋಟಾರು ಹತ್ತಿದೆವು.

ಆ ಮೋಟಾರಿನ ಸ್ವಭಾವವೇ ವಿಚಿತ್ರ. ಇಳಿಜಾರಿನಲ್ಲಿ ನಡುಗುತ್ತಿತ್ತು, ಏರಿನಲ್ಲಿ ನಿಟ್ಟುಸಿರು ಬಿಡುತ್ತಿತ್ತು. ಬಟ್ಟಬಯಲಿನಲ್ಲಿ ಮೂತಿಯಿಂದ ಹೊಗೆ ಬಿಟ್ಟು ನಿಂತೇಬಿಟ್ಟಿತು. ಡ್ರೈವರನು ಯಾವ ಗಾಬರಿಯೂ ಇಲ್ಲದೆ ಇಳಿದು, ನೀರಿದ್ದವರು ಕೊಡಿರಿ ಎಂದ. ನಾನು ಊರಿನಿಂದ ಬೆಳ್ಳಿಯಂತೆ ತಿಕ್ಕಿ ತಂದಿದ್ದ ತಂಬಿಗೆಯ ನೀರು ಮೋಟಾರಿನ ಹೊಟ್ಟೆಗೆ ಹೋಯಿತು. ನೀರಿಲ್ಲದವರು ಹಿಂದಿನಿಂದ ನೂಕಿದರು. ಈ ನಾಡಿನಲ್ಲಿ ಟಿಕೀಟು ತೆಗೆಸಿದವರು ನೂಕುವುದಕ್ಕೂ ಒಪ್ಪಿರುತ್ತಾರೆ.

ಗಂಗಾವತಿ ಹತ್ತಿರವಾದಂತೆ ಗಾಳಿಯೇ ಬದಲಾಯಿತು. ಒಣ ಹೊಲಗಳು ಹಿಂದೆ ಉಳಿದು ಬತ್ತದ ಗದ್ದೆಗಳು ಬಂದವು. ಫಾತಿಮಾಬಿ ನಮ್ಮನ್ನು ವಿಜಯನಗರದ ಅರಸರ ಕಾಲದ್ದೆನ್ನುವ ಒಂದು ಕಾಲುವೆಯ ಏರಿಗೆ ಕರೆದುಕೊಂಡು ಹೋದಳು. ಕೆಳಗೆ ಬಂಡಿಗಳ ಹಾದಿ. ಮೇಲೆ ಏರಿಯ ಬೆನ್ನಿನ ಮೇಲೆ ಮಂದಿ. ದನ ನೀರಿಗೆ ಇಳಿಯದಿರಲೆಂದು ಯಾರೋ ಏರಿಯ ಉದ್ದಕ್ಕೂ ಕಲ್ಲು ನೆಟ್ಟಿದ್ದರು. ಕಲ್ಲಿನ ಸಾಲಿನಾಚೆ, ನೀರಿನ ಕಡೆಗೆ, ಸಸಿಯ ಕಟ್ಟು ಹೊತ್ತ ಹೆಂಗಸರು ಹಾಡಿಕೊಂಡು ಬರುತ್ತಿದ್ದರು. ಈ ಕಡೆಗೆ ಒಬ್ಬ ಸೈಕಲ್ಲಿನ ಹಿಂದೆ ಅಕ್ಕಿ ಮೂಟೆ ಕಟ್ಟಿಕೊಂಡು ಹೋದ. ಯಾರೂ ಯಾರಿಗೂ ದಾರಿ ಬಿಡಿರಿ ಎನ್ನಲಿಲ್ಲ. ಯಾರೂ ನಿಲ್ಲಲಿಲ್ಲ.

ನಾನು ಸೆರಗು ಸಿಕ್ಕಿಸಿ ಕುಳಿತು, ಮೊಳ ಹಾಕಿ ಏರಿಯ ಅಗಲ ಅಳೆದೆ. ಸಸಿ ಹೊತ್ತವಳೊಬ್ಬಳು, ಅಮ್ಮ ಏನೋ ಕಳಕೊಂಡಿದ್ದಾಳೆ ಎಂದು ಹುಡುಕಲು ತಾನೂ ಕುಳಿತಳು.

ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹತ್ತಿತೆಂದು ನಾನು ಎದ್ದೆ. ಆಗ ಹಾಳೆಯ ಸಪ್ಪಳವಾಯಿತು. ಗೋಡೆಯ ಗೆರೆಯನ್ನು ರಬ್ಬರಿನಿಂದ ಉಜ್ಜುತ್ತಿದ್ದರು.

"ಹಳ್ಳಕ್ಕ ಹಲಗಿ ಸಾಲಂಗಿಲ್ಲ," ಎಂದರು, ನನ್ನ ಕಡೆ ನೋಡದೆ. "ಕಲ್ಲಿನ ಸೇತುವೆನ ಕಟ್ಟಬೇಕು. ಹಳ್ಳದ ದಂಡಿ ಎಷ್ಟು ಎತ್ತರ ಐತಿ, ನಾಳೆ ನೋಡಿ ಬಾ."

ಆಮೇಲಿನ ದಿನಗಳು ನನ್ನ ಸಂಸಾರದ ಬಹಳ ಒಳ್ಳೆಯ ದಿನಗಳು. ನಾನು ನಡೆದು ಬರುತ್ತಿದ್ದೆ, ಅವರು ಬರೆಯುತ್ತಿದ್ದರು. ಬಂಡಿಗೆ ಕೆಳಗಿನ ರಸ್ತೆ, ಬಾವಿಯ ಹಿಂದೆ ಏರಿಸಿದ ಹಾದಿ, ಅದರಲ್ಲಿ ಒಂದು ಬದಿ ನಡೆಯುವವರಿಗೆ, ಒಂದು ಬದಿ ಸೈಕಲ್ಲಿಗೆ, ನಡುವೆ ಕಲ್ಲಿನ ಸಾಲು. ಬೇವಿನ ಮರ ಕಡಿಯುವುದನ್ನು ತಪ್ಪಿಸಲು ಅವರು ತಾವಾಗಿಯೇ ಗೆರೆಯನ್ನು ಬಾಗಿಸಿದರು. ಕಚೇರಿಗೆ ಒಪ್ಪಿಸುವ ನಕ್ಷೆಯ ಮೇಲೆ ಉರ್ದುವಿನಲ್ಲೂ ಸ್ಥಳಗಳ ಹೆಸರು ಬರೆಯಬೇಕಾಗಿತ್ತು. ಅದನ್ನು ಫಾತಿಮಾಬಿ ಬರೆದುಕೊಟ್ಟಳು. ನಮ್ಮವರ ಕನ್ನಡ ಅಗಸಿಯಿಂದ ಹೊರಟಿತು, ಅವಳ ಉರ್ದು ಸ್ಟೇಷನ್ನಿನಿಂದ ಹೊರಟಿತು, ಎರಡೂ ಹಳ್ಳದ ಹತ್ತಿರ ಬಂದು ಕೂಡಿದವು.

ಕಚೇರಿಯ ಅಂಗಳ

ದೊಡ್ಡ ಸಾಹೇಬರು ಬಂದದ್ದು ಸಂತೆಯ ದಿನ. ಅಂಗಳದಲ್ಲಿ ಪಂಚರು, ಬಂಡಿಯವರು, ಸೈಕಲ್ಲಿನವರು. ನಾವು ಹೆಂಗಸರು ಪಡಸಾಲೆಯ ಪರದೆಯ ಹಿಂದೆ. ತಹಸೀಲ್ದಾರರು ತಮ್ಮ ನೆಟ್ಟಗಿನ ರಸ್ತೆಯ ವಿಚಾರವನ್ನು ಬಿಟ್ಟಿರಲಿಲ್ಲ. ಒಂದು ರಸ್ತೆ ಸಾಕು, ಬಾವಿಯ ಹಿಂದೆ ಯಾರೂ ಓಡಾಡುವುದಿಲ್ಲ ಎಂದರು. ಪರದೆಯ ಈಚೆಗೆ ಅವರ ಮನೆಯ ಹೆಣ್ಣುಮಕ್ಕಳು ತಲೆ ತಗ್ಗಿಸಿ ಕುಳಿತರು.

ಸಾಹೇಬರು ಬಂಡಿಯವರನ್ನು ಕೇಳಿದರು. ಅವರ ಹಿರಿಯ, ಕುಷ್ಟಗಿಯ ಹನಮಪ್ಪ, ಎದ್ದು ನಿಂತ. ಅವನು ವಿರುದ್ಧ ಹೇಳುತ್ತಾನೆಂದೇ ಶಂಕ್ರಪ್ಪನವರಿಗೆ ಭಯ.

"ನಮ್ಮ ಎತ್ತು ನಿಲ್ಲು ಅಂದ್ರ ನಿಲ್ತಾವ್ರಿ," ಎಂದ ಅವನು. "ಮಂದಿಗೆ ಏನಂತ ಹೇಳೂದು? ಸಣ್ಣ ಕೂಸು ಗಾಲಿ ಮುಂದ ಬಂದ್ರ ನಮ್ಮ ಜೀವ ಬಾಯಿಗೆ ಬರತೈತಿ. ಅವರಿಗೊಂದು ಹಾದಿ ಕೊಡ್ರಿ, ನಾವೂ ಸಮಾಧಾನದಿಂದ ಬಂಡಿ ಹೊಡಿತೀವಿ."

ಈ ಸೊಟ್ಟ ಹಾದಿಯನ್ನು ಯಾವ ಆಧಾರದ ಮೇಲೆ ಬರೆದಿರಿ ಎಂದು ಸಾಹೇಬರು ನಮ್ಮ ಮನೆಯವರನ್ನು ಕೇಳಿದರು. ಕೋಲು ಊರಿಕೊಂಡು ನಿಂತಿದ್ದ ಅವರು, ಅದನ್ನು ನಡೆದು ನೋಡಿದವಳು ತನ್ನ ಹೆಂಡತಿ, ಅವಳನ್ನೇ ಕೇಳಬೇಕು ಎಂದರು. ಅಂಗಳವೆಲ್ಲ ಪರದೆಯ ಕಡೆಗೆ ತಿರುಗಿತು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಫಾತಿಮಾಬಿ ನನ್ನ ಬೆನ್ನ ಮೇಲೆ ಕೈ ಇಟ್ಟಳು.

"ಸಾಹೇಬ್ರ, ನಾವು ಹೊಸಾ ಹಾದಿ ಬೇಡಾಕತ್ತಿಲ್ರಿ," ಎಂದೆ. "ಹಾದಿ ಐತಿ. ಊರಿನ ಅರ್ಧ ಮಂದಿ ದಿನಾ ಅದರಾಗ ಅಡ್ಡಾಡ್ತಾರ. ಅದನ್ನ ಮುಚ್ಚಬ್ಯಾಡ್ರಿ, ಎತ್ತರ ಮಾಡಿ ಕೊಡ್ರಿ. ಹೋದ ಮಳಿಗಾಲದಾಗ ಕೂಸು ಹೋತು. ಈ ಮಳಿಗಾಲ ಇನ್ನೂ ಮುಂದ ಐತಿ."

ಸಾಹೇಬರು, ವಿಚಾರ ಮಾಡಿ ರಾಯಚೂರಿನಿಂದ ಬರೆಯುತ್ತೇನೆ ಎಂದು ಎದ್ದರು. ಬಸಮ್ಮ ಅಷ್ಟು ಹೊತ್ತು ಹಿಡಿದಿದ್ದ ನನ್ನ ಕೈ ಬಿಟ್ಟಳು. ಊರಿನಿಂದ ಒಮ್ಮೆ ಹೊರಬಿದ್ದ ಕಾಗದಕ್ಕೆ ಉತ್ತರ ಬರುವುದು ಎಷ್ಟು ಅಪರೂಪವೆಂದು ಅವಳಿಗೆ ಗೊತ್ತಿತ್ತು.

ಸಾಹೇಬರ ಹಿಂದೆ

ನಾವು ಮನೆಗೆ ಹೊರಡುವಷ್ಟರಲ್ಲಿ ಶಂಕ್ರಪ್ಪ ಏದುಸಿರು ಬಿಡುತ್ತ ಬಂದರು. ಸಾಹೇಬರ ಮೋಟಾರು ಅಗಸಿಯ ಹೊರಗೆ ಸಂತೆಯ ಬಂಡಿಗಳ ನಡುವೆ ಸಿಕ್ಕಿಕೊಂಡಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ರಾಯಚೂರಿನ ಕಡೆಯ ರೈಲಿನ ಹೊತ್ತಾಗಿತ್ತು. ತಹಸೀಲ್ದಾರರು ಕೆಸರಿನಲ್ಲಿ ನಿಂತು ಜವಾನರ ಮೇಲೆ ಕೂಗಾಡುತ್ತಿದ್ದರಂತೆ.

ಫಾತಿಮಾಬಿ ಮುಸುಕು ಇಳಿಬಿಟ್ಟು, "ನಡೀರಿ ಬಾಯಾರ," ಎಂದಳು.

ನಾವು ಹೋಗಿ, ನಮ್ಮ ಹಿಂದೆ ಬಂದರೆ ರೈಲು ಸಿಗುತ್ತದೆ ಎಂದು ಶಂಕ್ರಪ್ಪನವರಿಂದ ಹೇಳಿಸಿದೆವು. ಸಾಹೇಬರು ಮೋಟಾರಿನಿಂದ ಇಳಿದೇ ಇಳಿದರು. ಮುಂದೆ ನಾವು ಮೂವರು ಹೆಂಗಸರು, ನಮ್ಮ ಹಿಂದೆ ಸಾಹೇಬರು, ಅವರ ಹಿಂದೆ ತಹಸೀಲ್ದಾರರು, ಕೊನೆಗೆ ಟ್ರಂಕು ಹೊತ್ತ ಜವಾನ. ಬಾವಿಯ ಹತ್ತಿರ ಕೊಡ ಹಿಡಿದ ಹೆಂಗಸರು ಗಡಬಡಿಸಿ ಸೆರಗು ಎಳೆದುಕೊಂಡು ಸರಿದು ನಿಂತರು. ಬೀಸಿದ ಹಿಟ್ಟಿನ ಬುಟ್ಟಿಯವರು, ದವಾಖಾನೆಯಿಂದ ಕೂಸು ಎತ್ತಿಕೊಂಡು ಬರುವವರು, ಸಂತೆ ಮುಗಿಸಿದ ಮುದುಕಿಯರು. ಸಾಲು ಮುಗಿಯುವಂತಿರಲಿಲ್ಲ. ದಿನಾಲೂ ಇಷ್ಟು ಮಂದಿಯೇ ಎಂದು ಸಾಹೇಬರು ಹಿಂದಿನಿಂದ ಕೇಳಿದರು. ಇವತ್ತು ಕಡಿಮೆ ಎಂದು ಬಸಮ್ಮ ತಿರುಗದೆ ಹೇಳಿದಳು.

ಹಲಗೆಯ ಮೇಲೆ ಸಾಹೇಬರು ಎರಡೂ ಕೈ ಚಾಚಿ, ಉಸಿರು ಹಿಡಿದು ದಾಟಿದರು. ದಾಟಿದ ಮೇಲೆ ನಿಂತು ಕೆಳಗಿನ ಹಳ್ಳವನ್ನು ಬಹಳ ಹೊತ್ತು ನೋಡಿದರು. ರೈಲು ಕೂಗಿದ ಮೇಲೆಯೇ ಮುಂದೆ ಹೆಜ್ಜೆ ಇಟ್ಟರು.

ಸ್ಟೇಷನ್ನಿಗೆ ಮುಟ್ಟಿದಾಗ ಗಾಡಿ ಬರುವುದು ಇನ್ನೂ ಕಾಣುತ್ತಿತ್ತಷ್ಟೆ. ಸಾಹೇಬರು ಟ್ರಂಕಿನಿಂದ ನಕ್ಷೆ ತೆಗೆಸಿ, ಅದರ ಮೇಲೆಯೇ ಹಾಸಿ, ತಹಸೀಲ್ದಾರರ ಪೆನ್ನು ಇಸಿದುಕೊಂಡು, ಉರ್ದು ಕನ್ನಡ ಕೂಡುವ ಆ ಹಳ್ಳದ ಜಾಗದಲ್ಲೇ ಸಹಿ ಮಾಡಿದರು. ಗಾಡಿ ಹತ್ತಿ, ಕಿಟಕಿಯಿಂದ ತಮ್ಮ ಮುರುಕು ಕನ್ನಡದಲ್ಲಿ ತಹಸೀಲ್ದಾರರಿಗೆ, ನಮಗೂ ಕೇಳುವಂತೆ, ಹೇಳಿದರು:

"ಪಹಿಲೇ ಈ ಹಾದಿ. ಆಮ್ಯಾಲ ಮೋಟಾರ ರಸ್ತಾ."

ಬಸಮ್ಮ ಅಲ್ಲೇ ಪ್ಲಾಟಫಾರ್ಮಿನ ಮೇಲೆ ಕೂತು ಅತ್ತಳು. ಫಾತಿಮಾಬಿ ಅವಳನ್ನು ಎಬ್ಬಿಸುವ ಬದಲು ತಾನೂ ಪಕ್ಕದಲ್ಲಿ ಕುಳಿತುಬಿಟ್ಟಳು. ತಹಸೀಲ್ದಾರರು ತಮ್ಮ ಕೆಸರಿನ ಬೂಟುಗಳನ್ನು ನೋಡಿಕೊಂಡು ನಕ್ಕರು. ಮರಳುವಾಗ ನಮ್ಮ ಹಿಂದೆ ಅದೇ ಹಾದಿಯಲ್ಲಿ ಬಂದರು.

ಮರಳಿ ರೈಲಿನಲ್ಲಿ

ಆಮೇಲೆ ಆ ಕೆಲಸಕ್ಕೆ ತಹಸೀಲ್ದಾರರಷ್ಟು ಓಡಾಡಿದವರು ಯಾರೂ ಇಲ್ಲ. ಬಿಸಿಲಿನಲ್ಲಿ ನಿಂತು ತಾವೇ ಸುಣ್ಣದ ಗೆರೆ ಹಾಕಿಸಿದರು. ಸ್ಟೇಷನ್ನಿನಲ್ಲಿ ಶೇಂಗಾ ಇಳಿಸಿದ ಬಂಡಿಗಳನ್ನು ಹನಮಪ್ಪ ಬರಿದಾಗಿ ಹೋಗಗೊಡಲಿಲ್ಲ, ಗುಡ್ಡದ ಬುಡದಿಂದ ಕೆಂಪು ಗರಸು ಮಣ್ಣು ಹೇರಿಸಿಕೊಟ್ಟ. ಸೈಕಲ್ಲಿನವರು ತಮ್ಮ ಬದಿಯ ಕಲ್ಲುಗಳನ್ನು ತಾವೇ ನೆಟ್ಟರು. ನಮ್ಮ ಮನೆಯವರು ಕೋಲು ಬಿಸಾಕಿ ಹಳ್ಳದಲ್ಲಿ ಇಳಿದು ಸೇತುವೆಯ ಕಲ್ಲು ಕೂಡಿಸಿದರು. ಹಳ್ಳದಿಂದ ಸ್ಟೇಷನ್ನಿನವರೆಗಿನ ಹಾದಿ ನಮ್ಮ ರಜೆ ಮುಗಿಯುವಷ್ಟರಲ್ಲಿ ಮೇಲೆದ್ದು ನಿಂತಿತು. ಅಗಸಿಯ ಕಡೆಯದು ಇನ್ನೂ ಹಸಿ ಮಣ್ಣು.

ಹೊರಡುವ ದಿನ ಮೋಡ ಕವಿದಿತ್ತು. ಬಸಮ್ಮ ಮತ್ತು ಫಾತಿಮಾಬಿ ಸ್ಟೇಷನ್ನಿಗೆ ಕಳಿಸಲು ಬಂದರು. ಗಾಡಿಗೆ ತಡವಿತ್ತು, ಮಳೆ ಹಿಡಿದೀತು, ನೀವು ನಡೆಯಿರಿ ಎಂದು ನಾನೇ ಒತ್ತಾಯಿಸಿ ಕಳಿಸಿದೆ. ಅವರು ಹೋದ ಮೇಲೆ ಮಳೆ ಬಂತು, ಗಾಡಿಯೂ ಬಂತು.

ರೈಲಿನ ಹಳಿಗೂ ಹೊಸ ಹಾದಿಗೂ ನಡುವೆ ಒಂದೇ ಹೊಲ. ಕಿಟಕಿಯಿಂದ ಬಸಮ್ಮ, ಫಾತಿಮಾಬಿ ಕಂಡರು. ಕೆಳಗೆ ಬಂಡಿಗಳ ಗಾಲಿಗಳು ಆಗಲೇ ಕೆಸರು ಕಡೆಯುತ್ತಿದ್ದವು. ಮೇಲೆ, ತೊಯ್ದು ಕೆಂಪಾದ ಗರಸಿನ ಮೇಲೆ, ಅವರಿಬ್ಬರು ಒಂದೇ ಕೊಡೆಯ ಕೆಳಗೆ ಹೊರಟಿದ್ದರು. ನಾನು ಕೈಬೀಸಿದೆ, ಕೂಗಿದೆ. ಬಸಮ್ಮ ನನ್ನ ಕಡೆ ನೋಡಲಿಲ್ಲ. ಫಾತಿಮಾಬಿಯ ಮುಖ ನೋಡುತ್ತ, ಒಂದು ಕೈ ಆಡಿಸುತ್ತ, ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ಅಷ್ಟು ಮಳೆಯಲ್ಲೂ ಅವಳು ಒಮ್ಮೆಯೂ ಕಾಲಡಿ ನೋಡಿಕೊಳ್ಳಲಿಲ್ಲ.